ಗಾಯಾಳುಗಳು ಆಂಬುಲೆನ್ಸ್‌ಗೆ ಕಾಯಲಿಲ್ಲ

ಲಾಸ್ ವೇಗಸ್‌ನಲ್ಲಿ 2017ರ ಅಕ್ಟೋಬರ್ 1ರ ರಾತ್ರಿ ನಡೆದ ಗುಂಡಿನ ದಾಳಿಯನ್ನು ಕುರಿತು ಎರಡು ದೊಡ್ಡ ಅವಲೋಕನ ವರದಿಗಳಿವೆ. ಮೊದಲನೆಯದನ್ನು ಕ್ಲಾರ್ಕ್ ಕೌಂಟಿಯ ಅಗ್ನಿಶಾಮಕ ಇಲಾಖೆ, ಲಾಸ್ ವೇಗಸ್ ಮಹಾನಗರ ಪೊಲೀಸರು ಮತ್ತು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾ ಸೇರಿ 2018ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಎರಡನೆಯದು ಮರುವರ್ಷ ಪೊಲೀಸ್ ಇಲಾಖೆ ತಾನಾಗಿ ಬರೆದುಕೊಂಡದ್ದು. ತಪ್ಪುಗಳನ್ನು ಇಷ್ಟು ಬಿಚ್ಚಿಟ್ಟು ಬರೆಯುವ ಆಡಳಿತಗಳು ಕಡಿಮೆ. ಆ ಊರಿನ ತುರ್ತು ವ್ಯವಸ್ಥೆಗೆ ಸಿಕ್ಕಿರುವ ಹೊಗಳಿಕೆಯಲ್ಲೂ ಬಹುಪಾಲು ಸಲ್ಲಬೇಕಾದದ್ದೇ. ಆದರೂ ಈ ವರದಿಗಳ ಅಳತೆಗೋಲಿನ ಬಗ್ಗೆ ನನಗೆ ತಕರಾರಿದೆ. ಯಾವ ತಂಡ ಎಷ್ಟು ಹೊತ್ತಿಗೆ ತಲುಪಿತು, ಯಾರ ರೇಡಿಯೊ ಯಾರಿಗೆ ಕೇಳಿಸಲಿಲ್ಲ, ಆಜ್ಞೆ ಕೊಡುವವರು ಎಲ್ಲಿ ಕೂತಿದ್ದರು ಎಂಬುದೇ ಇವುಗಳ ಮುಖ್ಯ ಚಿಂತೆ. ಗುಂಡು ತಗುಲಿ ಬಿದ್ದವರ ಕಡೆಯಿಂದ, ಅವರನ್ನು ಹುಡುಕುತ್ತ ಅಲೆದವರ ಕಡೆಯಿಂದ ಆ ರಾತ್ರಿಯನ್ನು ಓದಿದರೆ ಹೊಗಳಿಕೆಯೂ ತೆಗಳಿಕೆಯೂ ಬೇರೆ ಬೇರೆ ಜಾಗಕ್ಕೆ ಹೋಗುತ್ತವೆ.

ಅಂದು ಭಾನುವಾರ. ಸ್ಟ್ರಿಪ್ ಎಂದು ಕರೆಯುವ ಹೋಟೆಲು-ಕ್ಯಾಸಿನೊಗಳ ಬೀದಿಯ ಪಕ್ಕದ ಬಯಲಿನಲ್ಲಿ ರೂಟ್ 91 ಹಾರ್ವೆಸ್ಟ್ ಎಂಬ ಸಂಗೀತೋತ್ಸವದ ಕೊನೆಯ ರಾತ್ರಿ, ಸುಮಾರು 22,000 ಜನ ಸೇರಿದ್ದರು. ಎದುರಿನ ಮ್ಯಾಂಡಲೇ ಬೇ ಹೋಟೆಲಿನ 32ನೇ ಮಹಡಿಯಿಂದ 10.05ಕ್ಕೆ ಶುರುವಾದ ಗುಂಡಿನ ಮಳೆ 10.15ರ ಹೊತ್ತಿಗೆ ನಿಂತಿತು. ಹಾರಿದ ಗುಂಡುಗಳು ಸಾವಿರಕ್ಕೂ ಹೆಚ್ಚು. 58 ಮಂದಿ ಸತ್ತರು. ಗುಂಡೇಟಿನಿಂದಲೇ ಗಾಯಗೊಂಡವರು 400ಕ್ಕೂ ಮಿಕ್ಕಿ. ನೂಕುನುಗ್ಗಲಿನಲ್ಲಿ, ಬೇಲಿ ಹತ್ತಿ ಹಾರುವಾಗ ಪೆಟ್ಟು ತಿಂದವರೂ ನೂರಾರು. ಕೊಂದವನ ಹೆಸರು ಇಲ್ಲಿ ಬೇಕಾಗಿಲ್ಲ. ಸ್ಟ್ರಿಪ್ ಇರುವುದು ಲಾಸ್ ವೇಗಸ್ ನಗರಸಭೆಯ ಗಡಿಯ ಹೊರಗೆ, ಪ್ಯಾರಡೈಸ್ ಎಂಬ ಪ್ರದೇಶದಲ್ಲಿ. ಅದರ ಆಡಳಿತ ಕ್ಲಾರ್ಕ್ ಕೌಂಟಿಯದು. ಹಾಗಾಗಿ ನಗರ ಮಾಡಿತು ಎಂದು ಜಗತ್ತು ಹೇಳುವ ಕೆಲಸದ ಹೊಣೆ ಹೊತ್ತದ್ದು ಕೌಂಟಿಯ ತುರ್ತು ನಿರ್ವಹಣಾ ಕಚೇರಿ.

ಪೊಲೀಸರ ಭಾಗವನ್ನು ಬೇಗ ಹೇಳಿಬಿಡಬಹುದು. 10.17ಕ್ಕೆ ಮೊದಲ ಇಬ್ಬರು 32ನೇ ಮಹಡಿಯಲ್ಲಿದ್ದರು. ಅಷ್ಟರಲ್ಲಿ ಗುಂಡು ನಿಂತಿದ್ದರಿಂದ ಅವಸರ ಮಾಡದೆ ಅಕ್ಕಪಕ್ಕದ ಕೋಣೆಗಳನ್ನು ತೆರವುಗೊಳಿಸಿ, 11.20ಕ್ಕೆ ಬಾಗಿಲು ಒಡೆದರು. ಒಳಗಿದ್ದವನು ತಾನೇ ಗುಂಡು ಹಾರಿಸಿಕೊಂಡು ಸತ್ತಿದ್ದ. ಈ ಚುರುಕಿನ ಹಿಂದೆ ನಮ್ಮ ಮುಂಬಯಿಯ ನೆರಳಿದೆ. 2008ರ ನವೆಂಬರ್ ದಾಳಿಯ ನಂತರ ಲಾಸ್ ವೇಗಸ್‌ನ ಅಧಿಕಾರಿಗಳು ಮುಂಬಯಿಗೆ ಬಂದು ಹೋಟೆಲುಗಳ ಮೇಲಿನ ಆ ದಾಳಿಯನ್ನು ಅಭ್ಯಾಸ ಮಾಡಿದ್ದರು. ಹೋಟೆಲುಗಳನ್ನೇ ನಂಬಿ ಬದುಕುವ ಊರಿಗೆ ಅದು ತನ್ನ ಮನೆಬಾಗಿಲಿನ ಸುದ್ದಿಯಾಗಿ ಕಂಡಿರಬೇಕು. ಒಂದೇ ಹೊತ್ತಿಗೆ ಹಲವು ಕಡೆ ದಾಳಿಯಾದರೆ ಏನು ಮಾಡಬೇಕು ಎಂದು ಪೊಲೀಸರು, ಅಗ್ನಿಶಾಮಕದವರು ಕೂಡಿ ವರ್ಷಗಟ್ಟಲೆ ತಾಲೀಮು ಮಾಡಿದ್ದು ಅಲ್ಲಿಂದ ಮುಂದೆ. 1999ರ ಕೊಲಂಬೈನ್ ಶಾಲೆಯ ದಾಳಿಯಲ್ಲಿ ವೈದ್ಯರು ಹೊರಗೆ ಕಾಯುತ್ತಿದ್ದಾಗ ಒಳಗೊಬ್ಬ ಶಿಕ್ಷಕರು ಗಂಟೆಗಟ್ಟಲೆ ರಕ್ತ ಹರಿದು ತೀರಿಕೊಂಡರು. ಆಮೇಲೆ ಅಮೆರಿಕ ನಿಧಾನವಾಗಿ ಒಂದು ಪದ್ಧತಿ ಕಲಿಯಿತು: ಜಾಗ ಪೂರ್ತಿ ಸುರಕ್ಷಿತ ಎನ್ನುವವರೆಗೆ ಕಾಯದೆ, ಪೊಲೀಸರ ಕಾವಲಿನಲ್ಲಿ ವೈದ್ಯಕೀಯ ಸಿಬ್ಬಂದಿಯನ್ನು ಒಳಗೆ ಕಳುಹಿಸುವುದು. ಲಾಸ್ ವೇಗಸ್ ಅದನ್ನು ಚೆನ್ನಾಗಿ ಕಲಿತಿತ್ತು.

ಆ ತಂಡಗಳು ಬಯಲಿಗೆ ಇಳಿಯುವ ಹೊತ್ತಿಗೆ ಗಾಯಾಳುಗಳಲ್ಲಿ ಹೆಚ್ಚಿನವರು ಅಲ್ಲಿಂದ ಹೊರಟುಹೋಗಿದ್ದರು. ಜನ ಸೊಂಟದ ಬೆಲ್ಟು ಬಿಚ್ಚಿ ತೊಡೆಗೆ ಬಿಗಿದರು, ಬೇಲಿಯ ಭಾಗಗಳನ್ನೇ ಕಿತ್ತು ಸ್ಟ್ರೆಚರ್ ಮಾಡಿಕೊಂಡರು. ರಜೆಯ ಮೇಲೆ ಹಾಡು ಕೇಳಲು ಬಂದಿದ್ದ ನರ್ಸುಗಳು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ನಿಂತಲ್ಲೇ ಕೆಲಸಕ್ಕಿಳಿದರು. ಪಿಕಪ್ ಟ್ರಕ್ಕು, ಟ್ಯಾಕ್ಸಿ, ಗುರುತೇ ಇಲ್ಲದವರ ಕಾರು, ಸಿಕ್ಕಿದ್ದರಲ್ಲಿ ಗಾಯಾಳುಗಳನ್ನು ತುಂಬಿಕೊಂಡು ಆಸ್ಪತ್ರೆಗೆ ಓಡಿಸಿದರು. ಆಸ್ಪತ್ರೆ ಸೇರಿದವರಲ್ಲಿ ಬಹುಪಾಲು ಮಂದಿ ಬಂದದ್ದು ಹೀಗೆ. ತುರ್ತು ನಿರ್ವಹಣೆಯ ಯೋಜನೆಗಳೆಲ್ಲ ಒಂದು ಕ್ರಮವನ್ನು ನಂಬಿಕೊಂಡಿರುತ್ತವೆ: ಸ್ಥಳದಲ್ಲೇ ಗಾಯದ ತೀವ್ರತೆ ನೋಡಿ ಬಣ್ಣದ ಪಟ್ಟಿ ಕಟ್ಟುವುದು, ಯಾರನ್ನು ಯಾವ ಆಸ್ಪತ್ರೆಗೆ ಎಂದು ಹಂಚುವುದು, ಆಮೇಲೆ ಆಂಬುಲೆನ್ಸ್. ಅಂದು ಆ ಕ್ರಮ ಶುರುವಾಗುವ ಮೊದಲೇ ಮುಗಿದಿತ್ತು. ತೀವ್ರ ಗಾಯಗಳ ಚಿಕಿತ್ಸೆಗೆಂದೇ ಇರುವ ಟ್ರಾಮಾ ಕೇಂದ್ರಗಳಲ್ಲಿ ಆಗ ನೆವಾಡ ರಾಜ್ಯಕ್ಕಿದ್ದ ಏಕೈಕ ಮೊದಲ ದರ್ಜೆಯದು ಯೂನಿವರ್ಸಿಟಿ ಮೆಡಿಕಲ್ ಸೆಂಟರ್. ಅಲ್ಲಿಗೆ ನೂರರ ಆಸುಪಾಸು ಜನ ಬಂದರೆ, ಹತ್ತಿರದಲ್ಲಿದ್ದ ಎರಡನೇ ದರ್ಜೆಯ ಸನ್‌ರೈಸ್ ಆಸ್ಪತ್ರೆಗೆ ಬಂದವರು ಸುಮಾರು 200. ಟ್ರಾಮಾ ಕೇಂದ್ರವೇ ಅಲ್ಲದ ಆಸ್ಪತ್ರೆಗಳ ಬಾಗಿಲಿಗೂ ಗುಂಡೇಟು ತಿಂದವರು ನಡೆದುಕೊಂಡು ಬಂದರು.

ಸನ್‌ರೈಸ್‌ನಲ್ಲಿ ಆ ರಾತ್ರಿಯ ಪಾಳಿಯಲ್ಲಿದ್ದ ಡಾ. ಕೆವಿನ್ ಮೆನೆಸ್ ಆಮೇಲೆ ತಮ್ಮ ಅನುಭವವನ್ನು ಬರೆದಿದ್ದಾರೆ. ಎರಡು ಸರ್ಕಾರಿ ವರದಿಗಳಿಗಿಂತ ಆ ಬರಹ ನನಗೆ ಹೆಚ್ಚು ಕಲಿಸಿತು. ಇಂಥ ರಾತ್ರಿಯೊಂದು ಬಂದರೆ ಏನು ಮಾಡಬೇಕೆಂದು ಅವರು ಮೊದಲೇ ಮನಸ್ಸಿನಲ್ಲಿ ನಕ್ಷೆ ಹಾಕಿಕೊಂಡಿದ್ದರು. ಸುದ್ದಿ ಬಂದ ಕೂಡಲೇ ಎಲ್ಲ ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ತೆರೆಸಿದರು; ಆಸ್ಪತ್ರೆಯ ಬಾಗಿಲ ಹೊರಗೆ ನಿಂತು, ಬಂದಿಳಿಯುತ್ತಿದ್ದ ಪ್ರತಿ ಕಾರಿನೊಳಗಿನವರನ್ನು ಕಣ್ಣಳತೆಯಲ್ಲೇ ವಿಂಗಡಿಸಿದರು; ತಾವು ಒಳಗೆ ಬೇಕಾದಾಗ ಆ ಕೆಲಸವನ್ನು ಅನುಭವಿ ನರ್ಸ್ ಒಬ್ಬರಿಗೆ ಒಪ್ಪಿಸಿದರು. ವೆಂಟಿಲೇಟರ್ ಸಾಲದಾದಾಗ ಕವಲು ಕೊಳವೆ ಹಾಕಿ ಇಬ್ಬರಿಗೆ ಒಂದರಿಂದಲೇ ಉಸಿರು ಕೊಡಿಸುವ ಏರ್ಪಾಡು ಮಾಡಿದರು. ಒಬ್ಬ ವೈದ್ಯನ ದೂರದೃಷ್ಟಿ ಎಂದು ಇದನ್ನು ಕೊಂಡಾಡಿ ಬಿಟ್ಟರೆ ಸಾಲದು ಎಂಬುದು ನನ್ನ ವಾದ. ಕೌಂಟಿಯ ಯೋಜನೆಯಲ್ಲಿ ಇರಬೇಕಾಗಿದ್ದುದು ಒಬ್ಬ ವ್ಯಕ್ತಿಯ ತಲೆಯಲ್ಲಿ ಇತ್ತು. ಅವರು ಅಂದು ರಜೆಯಲ್ಲಿದ್ದಿದ್ದರೆ?

ರಕ್ತದ ವಿಷಯದಲ್ಲೂ ಹೀಗೆಯೇ. ಮರುದಿನ ಬೆಳಕು ಹರಿಯುವ ಮುಂಚೆಯೇ ರಕ್ತ ಕೊಡಲು ಉದ್ದುದ್ದ ಸಾಲು ನಿಂತಿತು. ಆ ಸಾಲಿನ ಚಿತ್ರಗಳು ಜಗತ್ತಿನಾದ್ಯಂತ ಹೋದವು, ಹೋಗತಕ್ಕವೇ. ಆದರೆ ರಾತ್ರಿ ಜೀವ ಉಳಿಸಿದ್ದು ಅದಾಗಲೇ ಪರೀಕ್ಷೆ ಮುಗಿಸಿ ಕಪಾಟಿನಲ್ಲಿದ್ದ ರಕ್ತ, ಯಾವುದೋ ಸಾಮಾನ್ಯ ಮಂಗಳವಾರ ಯಾರೋ ಬಂದು ಕೊಟ್ಟು ಹೋದದ್ದು. ದಾಳಿಯ ನಂತರ ಸಂಗ್ರಹವಾದದ್ದರಲ್ಲಿ ಒಂದು ಭಾಗ ಬಳಕೆಯಾಗದೆಯೇ ಹೋಯಿತು. ದುರಂತದ ದಿನ ಮೈಕು ಹಿಡಿದು ರಕ್ತ ಬೇಕೆಂದು ಕೂಗುವ ಆಡಳಿತಗಾರರು ಇದನ್ನು ಗಮನಿಸಬೇಕು.

ಆ ರಾತ್ರಿಯ ತುರ್ತು ವ್ಯವಸ್ಥೆ ನಿಜಕ್ಕೂ ಸೋತದ್ದು ಮಾಹಿತಿಯಲ್ಲಿ. ಓಡಿದವರು ಹೋಟೆಲುಗಳ ಒಳಗೆ ನುಗ್ಗಿದರು. ರಕ್ತ ಸೋರುತ್ತ ಬಂದವರನ್ನು ಕಂಡು ಇಲ್ಲೂ ಗುಂಡು ಹಾರುತ್ತಿದೆ ಎಂದು ಅಲ್ಲಿನವರು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರು. ಸ್ಟ್ರಿಪ್‌ನ ಹಲವು ಹೋಟೆಲುಗಳಲ್ಲಿ ದಾಳಿಕೋರರಿದ್ದಾರೆ ಎಂಬ ಸುಳ್ಳು ಸುದ್ದಿಯ ಹಿಂದೆ ಪೊಲೀಸರು ಗಂಟೆಗಟ್ಟಲೆ ಓಡಿದರು. ಯೂನಿವರ್ಸಿಟಿ ಮೆಡಿಕಲ್ ಸೆಂಟರ್ ತುಂಬಿಹೋಗಿದೆ ಎಂಬ ತಪ್ಪು ಮಾತು ಆಂಬುಲೆನ್ಸ್‌ಗಳಿಗೆ ತಲುಪಿ, ಕೈ ಖಾಲಿ ಇದ್ದ ಶಸ್ತ್ರವೈದ್ಯರಿಂದ ರೋಗಿಗಳು ದೂರ ಹೋದರು. ನನ್ನ ಮಟ್ಟಿಗೆ ಆ ರಾತ್ರಿಯ ಅತ್ಯಂತ ಗಂಭೀರ ಲೋಪ ಇದು. ವರದಿ ಇದನ್ನು ಸಂವಹನ ಸಮಸ್ಯೆಗಳ ನಡುವಿನ ಒಂದು ಅಂಶವಾಗಿ ಇಡುತ್ತದೆ. ಅದಕ್ಕೊಂದು ಅಧ್ಯಾಯವೇ ಬೇಕಿತ್ತು.

ಹುಡುಕುವವರ ಗತಿ ಇನ್ನೂ ಕಠಿಣ. ಬಯಲಿನಲ್ಲಿ ಬಿಟ್ಟುಹೋದ ಚೀಲ, ಫೋನು, ಗುರುತಿನ ಚೀಟಿ ಎಲ್ಲ ತನಿಖೆಯ ವಸ್ತುಗಳಾದವು. ಎಫ್‌ಬಿಐನವರು ಅವನ್ನು ವಾರಸುದಾರರಿಗೆ ಮರಳಿಸುವುದಕ್ಕೆ ಬಹಳ ದಿನ ಹಿಡಿಯಿತು. ಆಸ್ಪತ್ರೆ ಸೇರಿದ ಅನೇಕರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ಯಾಲಿಫೋರ್ನಿಯಾದವರು, ಅಂದರೆ ಮನೆಯವರು ದೂರದಲ್ಲಿ, ಒಂದೊಂದೇ ಆಸ್ಪತ್ರೆಗೆ ಫೋನು ಮಾಡುತ್ತ ಕೂತವರು. ಇದಕ್ಕೆ ಕೌಂಟಿ ಕೊಟ್ಟ ಉತ್ತರವನ್ನು ಮೆಚ್ಚಬೇಕು. ಮರುದಿನವೇ ಲಾಸ್ ವೇಗಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ಕುಟುಂಬ ನೆರವು ಕೇಂದ್ರ ತೆರೆಯಿತು. ಸಾವಿರಾರು ಜನ ಅಲ್ಲಿಗೆ ಬಂದರು. ಊರಿಗೆ ಮರಳುವ ವಿಮಾನದ ಟಿಕೆಟ್ಟು, ಆಪ್ತಸಮಾಲೋಚನೆ, ಪರಿಹಾರದ ಅರ್ಜಿ ಎಲ್ಲ ಒಂದೇ ಸೂರಿನಡಿ ಸಿಗುವಂತಾಯಿತು. ಅದೇ ತಿಂಗಳ 23ಕ್ಕೆ ದೀರ್ಘಕಾಲದ ಚೇತರಿಕೆಗೆಂದು ವೇಗಸ್ ಸ್ಟ್ರಾಂಗ್ ರೆಸಿಲಿಯನ್ಸಿ ಸೆಂಟರ್ ಶುರುವಾಯಿತು. ಅಮೆರಿಕದ ಇತರ ಊರುಗಳು ನಕಲು ಮಾಡಬೇಕಾದದ್ದು ಪೊಲೀಸ್ ತಾಲೀಮಿಗಿಂತ ಮೊದಲು ಇದನ್ನು.

ಸಾರ್ವಜನಿಕರ ಜೊತೆಗಿನ ಮಾತಿನಲ್ಲಿ ಇಷ್ಟು ಔದಾರ್ಯ ಕಾಣಲಿಲ್ಲ. ಮ್ಯಾಂಡಲೇ ಬೇ ಹೋಟೆಲಿನ ಕಾವಲುಗಾರನೊಬ್ಬನಿಗೂ ಗುಂಡು ತಗುಲಿತ್ತು; ಅದು ಯಾವಾಗ ಎಂಬುದರ ಬಗ್ಗೆ ಶೆರಿಫ್ ಜೋ ಲೊಂಬಾರ್ಡೊ ಎರಡು ವಾರಗಳೊಳಗೆ ಸಮಯಪಟ್ಟಿಯನ್ನು ಬದಲಿಸಬೇಕಾಯಿತು. ಆರಂಭದ ಗೊಂದಲವನ್ನು ಕ್ಷಮಿಸಬಹುದು. ಪೊಲೀಸರ ಮೈಮೇಲಿನ ಕ್ಯಾಮೆರಾ ದೃಶ್ಯಗಳಿಗಾಗಿ, 911 ಕರೆಗಳ ಧ್ವನಿಗಾಗಿ ಪತ್ರಿಕೆಗಳು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದದ್ದನ್ನು ಕ್ಷಮಿಸುವುದು ಕಷ್ಟ. 2018ರ ಮೇ ತಿಂಗಳಿನಿಂದ ಅವು ಕಂತು ಕಂತಾಗಿ ಹೊರಬಂದವು. ತಮ್ಮ ಮಕ್ಕಳ ಕೊನೆಯ ಗಳಿಗೆ ಹೇಗಿತ್ತು ಎಂದು ಕೇಳುವ ಹಕ್ಕು ಮನೆಯವರಿಗಿತ್ತು.

ಲಾಸ್ ವೇಗಸ್ ಪೊಲೀಸರ ಕೆಲಸವನ್ನು ಇನ್ನೊಂದು ದಾಳಿಯ ಜೊತೆ ಹೋಲಿಸಿ ನೋಡಬಹುದು. ಟೆಕ್ಸಸ್‌ನ ಯುವಾಲ್ಡಿಯ ಶಾಲೆಯಲ್ಲಿ 2022ರ ಮೇ 24ರಂದು 376 ಮಂದಿ ಪೊಲೀಸರು ಸೇರಿದ್ದರೂ ತರಗತಿಯ ಒಳಗೆ ಹೋಗಿ ದಾಳಿಕೋರನನ್ನು ಮುಗಿಸಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಲ್ಲಿ ಸಿಬ್ಬಂದಿಗಾಗಲೀ ಶಸ್ತ್ರಕ್ಕಾಗಲೀ ಕೊರತೆಯಿರಲಿಲ್ಲ. ಈಗ ಆಜ್ಞೆ ಕೊಡುವವರು ಯಾರು ಎಂಬುದೇ ಇತ್ಯರ್ಥವಾಗಿರಲಿಲ್ಲ. ಲಾಸ್ ವೇಗಸ್‌ನವರು ಒಬ್ಬರನ್ನೊಬ್ಬರು ಮೊದಲೇ ಬಲ್ಲವರಾಗಿದ್ದರು. ಆ ಪರಿಚಯದ ಬೆಲೆ ಈ ಹೋಲಿಕೆಯಲ್ಲಿ ತಿಳಿಯುತ್ತದೆ.

ಇಷ್ಟಾದರೂ ತುರ್ತು ನಿರ್ವಹಣೆಗೆ ತನ್ನ ಕೈಮೀರಿದ್ದನ್ನು ಮಾಡಲಾಗದು. ಹತ್ತೇ ನಿಮಿಷದಲ್ಲಿ ಸಾವಿರ ಗುಂಡು ಹಾರಿಸುವುದಕ್ಕೆ ನೆರವಾದದ್ದು ಬಂಪ್ ಸ್ಟಾಕ್ ಎಂಬ ಸಾಧನ, ಅರೆಸ್ವಯಂಚಾಲಿತ ಬಂದೂಕನ್ನು ಮಷಿನ್‌ಗನ್ನಿನ ವೇಗಕ್ಕೆ ಏರಿಸುವಂಥದ್ದು. ಲಾಸ್ ವೇಗಸ್ ದಾಳಿಯ ಕಾರಣಕ್ಕೇ 2018ರ ಕೊನೆಯಲ್ಲಿ ಅದನ್ನು ನಿಷೇಧಿಸಿದರು. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ನಿಷೇಧವನ್ನು ರದ್ದು ಮಾಡಿತು. ಬಯಲಿಗೆ ಎದುರಾದ ಎತ್ತರದ ಕಟ್ಟಡಗಳ ಮೇಲೆ ಕಾವಲಿರಲಿ, ಪೊಲೀಸರ ಬಳಿ ಗಾಯ ಕಟ್ಟುವ ಸಾಮಗ್ರಿ ಹೆಚ್ಚಿರಲಿ ಎಂದು ಪೊಲೀಸ್ ವರದಿ ಶಿಫಾರಸು ಮಾಡುತ್ತದೆ. ಬಂದೂಕಿನ ಮಾತು ಅದರ ವ್ಯಾಪ್ತಿಯ ಹೊರಗಿನದು. ನಾಳೆ ಇದೇ ವೇಗದಲ್ಲಿ ಗುಂಡು ಬಂದೀತು ಎಂದುಕೊಂಡೇ ಆಸ್ಪತ್ರೆಗಳು ಸಿದ್ಧವಾಗಬೇಕು.

ಅಂದು ಗಾಯಗೊಂಡಿದ್ದ ಇಬ್ಬರು ಮಹಿಳೆಯರು 2019ರಲ್ಲಿ ಮತ್ತು 2020ರಲ್ಲಿ ಆ ಗಾಯಗಳ ಕಾರಣದಿಂದಲೇ ತೀರಿಕೊಂಡರು. ಸತ್ತವರ ಸಂಖ್ಯೆ 60 ಆಯಿತು. ಎರಡು ವರದಿಗಳೂ ಅಷ್ಟರಲ್ಲಿ ಅಚ್ಚಾಗಿದ್ದವು. ಊರು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ, ಬೇರೆ ಬೇರೆ ರಾಜ್ಯಗಳಿಗೆ ಮರಳಿದ ನೂರಾರು ಗಾಯಾಳುಗಳಿಗೆ ಎರಡನೇ ಶಸ್ತ್ರಚಿಕಿತ್ಸೆ ಎಲ್ಲಿ ಆಯಿತು, ಖರ್ಚು ಯಾರು ಕೊಟ್ಟರು, ಎಷ್ಟು ಜನ ಕೆಲಸಕ್ಕೆ ಮರಳಿದರು ಎಂಬ ಲೆಕ್ಕವನ್ನೂ ಕೌಂಟಿಯೇ ಕೂತು ಮೂರನೆಯದೊಂದು ವರದಿಯಾಗಿ ಬರೆಯಬೇಕು.