ಎಂಟು ಓಮ್‌ಗೆ ಎಂಟು ಓಮ್: ಒಂದು ತಪ್ಪು ಪಾಠ

ಹಲವು ವರ್ಷಗಳ ಹಿಂದೆ ಬಿ.ಎಸ್ಸಿ. ಪ್ರಾಯೋಗಿಕ ಪರೀಕ್ಷೆಯ ಮೌಖಿಕದಲ್ಲಿ ಅಫಜಲಪುರದ ಕಡೆಯ ಒಬ್ಬ ವಿದ್ಯಾರ್ಥಿಗೆ, ಗರಿಷ್ಠ ಸಾಮರ್ಥ್ಯ ವರ್ಗಾವಣೆ ಪ್ರಮೇಯದ ಒಂದು ಉಪಯೋಗ ಹೇಳು ಎಂದು ಕೇಳಿದೆ. ಆಂಪ್ಲಿಫೈಯರಿಗೆ ಸ್ಪೀಕರನ್ನು ಹೊಂದಿಸುವುದು ಎಂಬ ಉತ್ತರ ನನಗೆ ಬೇಕಾಗಿತ್ತು. ಹುಡುಗ ಸುಮ್ಮನೆ ನಿಂತ. ಎಂಟು ಓಮ್ ಎಂದು ಬರೆದ ಆಂಪ್ಲಿಫೈಯರಿಗೆ ಎಂಟು ಓಮ್ ಸ್ಪೀಕರನ್ನೇ ಏಕೆ ಜೋಡಿಸಬೇಕು ಎಂದು ಸುಳಿವು ಕೊಟ್ಟೆ. ಅವನು ಧೈರ್ಯ ಮಾಡಿ ಹೇಳಿದ: "ಎಂಟೇ ಹಚ್ಚಬೇಕಂತ ಏನಿಲ್ರಿ ಸರ್. ಹದಿನಾರು ಹಚ್ಚಿದ್ರೂ ನಡೀತದ್ರಿ, ಆವಾಜ್ ಸ್ವಲ್ಪ ಕಮ್ಮಿ ಬರ್ತದ. ನಾಕು ಹಚ್ಚಿದ್ರ ಐ.ಸಿ. ಸುಡ್ತದ್ರಿ." ಅವನ ಕಾಕಾ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರಂತೆ. ಪ್ರಮೇಯ ಓದಿ ಬಂದಿಲ್ಲ ಎಂದು ನಾನು ಎರಡು ಅಂಕ ಕಳೆದೆ. ಹುಡುಗ ಹೇಳಿದ್ದು ಸರಿಯಾಗಿತ್ತು. ತಪ್ಪಿದ್ದು ನನ್ನ ಪ್ರಶ್ನೆಯಲ್ಲಿ.

ಆ ಪ್ರಶ್ನೆ ನಾನು ಹುಟ್ಟಿಸಿದ್ದಲ್ಲ. ನನಗೂ ಹಾಗೆಯೇ ಕಲಿಸಿದ್ದರು. ಪ್ರಮೇಯದ ಸಾಧನೆ ಮುಗಿದ ಮೇಲೆ 'ಉಪಯೋಗಗಳು' ಎಂಬ ತಲೆಬರಹದಡಿ ಗೈಡುಗಳಲ್ಲಿ ಈ ಮಾತು ಇಂದಿಗೂ ಬರುತ್ತದೆ. ಆಂಪ್ಲಿಫೈಯರಿನ ಆಂತರಿಕ ರೋಧವೂ ಸ್ಪೀಕರಿನ ರೋಧವೂ ಸಮ ಇರಬೇಕೆಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಪ್ರಮೇಯ ಅಪ್ಪಟ ಸತ್ಯ. ಅದನ್ನು ತಂದು ಸ್ಪೀಕರಿಗೆ ಕಟ್ಟಿದ್ದು ಮಾತ್ರ ತಪ್ಪು.

ಪ್ರಮೇಯ ಉತ್ತರಿಸುವ ಪ್ರಶ್ನೆ ಇದು: ಆಕರದ ಆಂತರಿಕ ರೋಧ ಬದಲಿಸಲು ಬಾರದ್ದು, ಹೊರೆಯ ರೋಧವನ್ನು ನಾವು ಆರಿಸಬಹುದು, ಎಷ್ಟು ಆರಿಸಿದರೆ ಹೊರೆಗೆ ಅತಿ ಹೆಚ್ಚು ಸಾಮರ್ಥ್ಯ ಸಿಗುತ್ತದೆ? ಉತ್ತರ, ಎರಡೂ ಸಮ ಇದ್ದಾಗ. ಆಂಪ್ಲಿಫೈಯರ್ ಮಾಡುವವನ ಪ್ರಶ್ನೆ ತಿರುಗುಮುರುಗು. ಸ್ಪೀಕರ್ ಅಂಗಡಿಯಲ್ಲಿ ಸಿಗುವುದೇ 4 ಅಥವಾ 8 ಓಮ್‌ನದು, ಹೊರೆ ನಿಗದಿಯಾಗಿದೆ. ಆರಿಸಬೇಕಾದದ್ದು ಆಂತರಿಕ ರೋಧವನ್ನು. ಆಗಿನ ಉತ್ತರ: ಸೊನ್ನೆಗೆ ಎಷ್ಟು ಹತ್ತಿರವಾದರೆ ಅಷ್ಟು ಒಳ್ಳೆಯದು. ಲೆಕ್ಕ ಹಾಕಿ ನೋಡಿ. ಆಕರ 12 ವೋಲ್ಟ್, ಸ್ಪೀಕರ್ 8 ಓಮ್. ಆಂತರಿಕ ರೋಧವೂ 8 ಓಮ್ ಆದರೆ ಸ್ಪೀಕರಿನ ಪಾಲಿಗೆ 6 ವೋಲ್ಟ್, ಅಂದರೆ 4.5 ವ್ಯಾಟ್. ಆಂತರಿಕ ರೋಧ 0.1 ಓಮ್ ಆದರೆ ಸುಮಾರು 17.5 ವ್ಯಾಟ್. 'ಹೊಂದಿಸಲು' ಹೋಗಿ ಮುಕ್ಕಾಲು ಪಾಲು ಕಳೆದುಕೊಂಡೆವು! ಇಂದಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳ ಆಂತರಿಕ ರೋಧ ಸಾಮಾನ್ಯವಾಗಿ 0.1 ಓಮ್ ಅಥವಾ ಅದಕ್ಕಿಂತ ಕಡಿಮೆ. 8 ಓಮ್‌ನ ಆಸುಪಾಸಿನಲ್ಲಿ ಎಲ್ಲಿಯೂ ಇಲ್ಲ.

ಈ ಗೊಂದಲ ಹಳೆಯದು. 19ನೇ ಶತಮಾನದಲ್ಲಿ ಯಾಕೋಬಿಯ ಹೆಸರಿನ ಈ ನಿಯಮವನ್ನು ನೆಚ್ಚಿ, ವಿದ್ಯುತ್ ಮೋಟಾರು ಎಂದಿಗೂ ಶೇಕಡಾ 50ಕ್ಕಿಂತ ಹೆಚ್ಚು ದಕ್ಷವಾಗಲಾರದು ಎಂದು ನಂಬಿದ್ದವರಿದ್ದರು. ಗರಿಷ್ಠ ಸಾಮರ್ಥ್ಯ ಬೇರೆ, ಗರಿಷ್ಠ ದಕ್ಷತೆ ಬೇರೆ ಎಂಬುದನ್ನು ಮನಗಂಡೇ ಎಡಿಸನ್ ಮತ್ತು ಅವನ ಗಣಿತಜ್ಞ ಅಪ್ಟನ್ ಆಂತರಿಕ ರೋಧ ತೀರ ಕಡಿಮೆಯಿರುವ ಡೈನಮೊ ಕಟ್ಟಿದರು. ಅವರು ಬಿಟ್ಟ ತಪ್ಪನ್ನು ನಾವು ಸ್ಪೀಕರಿನ ಪಾಠದಲ್ಲಿ ಉಳಿಸಿಕೊಂಡಿದ್ದೇವೆ.

ವಾಲ್ವ್ ರೇಡಿಯೊಗಳ ಕಾಲದಲ್ಲಿ ಈ ಪಾಠ ಸರಿಯಿತ್ತಲ್ಲ ಎಂದು ಹಿರಿಯ ಅಧ್ಯಾಪಕರು ಕೇಳಬಹುದು. ಆಗಲೂ ಪೂರ್ತಿ ಸರಿಯಿರಲಿಲ್ಲ. ಇಎಲ್ 84 ವಾಲ್ವಿನ ಆಂತರಿಕ ರೋಧ ಸುಮಾರು 38 ಕಿಲೋ ಓಮ್. ತಯಾರಕರು ಅದಕ್ಕೆ ಹೇಳಿದ ಹೊರೆ ಸುಮಾರು 5 ಕಿಲೋ ಓಮ್. ಸಮತೆ ಎಲ್ಲಿ? ವಾಲ್ವಿನ ವಿಭವ ಮತ್ತು ಪ್ರವಾಹ ಎರಡೂ ತಮ್ಮ ಮಿತಿಯವರೆಗೆ ವಿರೂಪವಿಲ್ಲದೆ ತೂಗಾಡಲು ತಕ್ಕ ಹೊರೆ ಅದು. ಆ 5 ಕಿಲೋ ಓಮ್ ಹೊರೆಯನ್ನು 8 ಓಮ್ ಸ್ಪೀಕರಿನಿಂದ ತೋರಿಸಿಕೊಡುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೆಲಸ. ಸುತ್ತುಗಳ ಅನುಪಾತ 25 ಇದ್ದರೆ ಅದರ ವರ್ಗ 625. 625ನ್ನು 8ರಿಂದ ಗುಣಿಸಿದರೆ 5,000. ಇದು ನಿಜವಾದ ಹೊಂದಾಣಿಕೆ. ಆ ಸೆಟ್ಟುಗಳಲ್ಲಿ ಸ್ಪೀಕರ್ ಬಿಚ್ಚಿಟ್ಟು ದೊಡ್ಡ ದನಿಯಲ್ಲಿ ನುಡಿಸಿದರೆ ಟ್ರಾನ್ಸ್‌ಫಾರ್ಮರಿಗೆ ಅಪಾಯವಿತ್ತು. ಟ್ರಾನ್ಸಿಸ್ಟರ್ ಸೆಟ್ಟುಗಳಲ್ಲಿ ಅದು ತಲೆಕೆಳಗು: ಬಿಚ್ಚಿಟ್ಟರೆ ಏನೂ ಆಗದು, ತುದಿಗಳು ಒಂದಕ್ಕೊಂದು ತಾಗಿದರೆ ಕೆಡುತ್ತದೆ.

ಹಾಗಾದರೆ ಆಂಪ್ಲಿಫೈಯರಿನ ಹಿಂಬದಿಯಲ್ಲಿ '8 ಓಮ್' ಎಂದು ಬರೆದಿರುವುದರ ಅರ್ಥವೇನು? ಅದು ಅದರ ಒಳಗಿನ ರೋಧವಲ್ಲ. 8 ಓಮ್‌ಗಿಂತ ಕಡಿಮೆ ರೋಧದ ಸ್ಪೀಕರ್ ಜೋಡಿಸಬೇಡಿ ಎಂಬ ಎಚ್ಚರಿಕೆ ಅದು. ಇದು ತಿಳಿಯದೆ ಸುಟ್ಟುಹೋದ ಸೆಟ್ಟುಗಳು ನಮ್ಮ ಭಾಗದಲ್ಲಿ ಬೇಕಾದಷ್ಟು. ಆಳಂದ, ಅಫಜಲಪುರ, ಜೇವರ್ಗಿಗಳಂಥ ಊರುಗಳಲ್ಲಿ ಮನೆಯ ಸ್ಟೀರಿಯೊ ಎಂದರೆ ಬಹಳ ಸಲ ಬೋರ್ಡು, ಟ್ರಾನ್ಸ್‌ಫಾರ್ಮರ್, ಡಬ್ಬಿ ತಂದು ಕೂಡಿಸಿದ್ದೇ. ಕ್ಯಾಸೆಟ್ ಹೋಯಿತು, ಸಿ.ಡಿ. ಹೋಯಿತು, ಈಗ ಹಾಡು ಮೊಬೈಲಿನಿಂದ ಬ್ಲೂಟೂತ್ ಮೂಲಕ ಬರುತ್ತದೆ. ಸ್ಪೀಕರಿನ ತಂತಿ ಮಾತ್ರ ಅದೇ ಇದೆ. ಮನೆಯವರು ಪಡಸಾಲೆಯಲ್ಲಿ ಎರಡು ಸ್ಪೀಕರ್ ಇಟ್ಟಿರುತ್ತಾರೆ. ಮಗ ಒಳಕೋಣೆಗೂ ಎರಡು ಬೇಕೆಂದು ಅದೇ ತುದಿಗಳಿಗೆ ಸಮಾಂತರವಾಗಿ ಸಿಕ್ಕಿಸುತ್ತಾನೆ. ಪ್ರತಿ ಚಾನೆಲಿಗೆ ಎರಡು 8 ಓಮ್‌ಗಳು ಸೇರಿ 4 ಓಮ್ ಆಯಿತು.

ಆಗುವುದೇನು? ಧನ 20, ಋಣ 20 ವೋಲ್ಟ್ ಪೂರೈಕೆಯ ಬಿ ದರ್ಜೆಯ ಆಂಪ್ಲಿಫೈಯರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 8 ಓಮ್ ಹೊರೆಗೆ ಒಂದು ಚಾನೆಲಿನಿಂದ ಹೆಚ್ಚೆಂದರೆ 25 ವ್ಯಾಟ್ ಸಿಗುತ್ತದೆ. ಟ್ರಾನ್ಸಿಸ್ಟರುಗಳಲ್ಲಿ ಹುಟ್ಟುವ ಶಾಖ ಹೆಚ್ಚೆಂದರೆ 10 ವ್ಯಾಟ್. 4 ಓಮ್ ಜೋಡಿಸಿದರೆ ಶಾಖ 20 ವ್ಯಾಟಿಗೇರುತ್ತದೆ. ಇನ್ನೊಂದು ಸೋಜಿಗ: ಈ ಗರಿಷ್ಠ ಶಾಖ ಪೂರ್ತಿ ದನಿಯಲ್ಲಿ ಹುಟ್ಟುವುದಿಲ್ಲ, ಪೂರ್ಣ ಸಾಮರ್ಥ್ಯದ ಶೇಕಡಾ 40ರ ಆಸುಪಾಸಿನಲ್ಲಿ ಹುಟ್ಟುತ್ತದೆ. ದನಿ ಕಡಿಮೆ ಇಟ್ಟಿದ್ದೆ, ಆದರೂ ಸುಟ್ಟಿತು ಎನ್ನುವವರ ಮಾತು ಸುಳ್ಳಲ್ಲ.

ಇದಕ್ಕೆ ನಮ್ಮ ಬಿಸಿಲನ್ನು ಸೇರಿಸಿ. ಒಂದು ವ್ಯಾಟಿಗೆ 1.5 ಡಿಗ್ರಿ ಏರುವ ಶಾಖಹಾರಿ ಫಲಕದ ಮೇಲೆ ಎರಡೂ ಚಾನೆಲುಗಳಿವೆ ಎನ್ನಿ. 8 ಓಮ್‌ನಲ್ಲಿ ಫಲಕ ಸುತ್ತಲಿನ ಗಾಳಿಗಿಂತ 30 ಡಿಗ್ರಿ ಬಿಸಿಯಾದರೆ, 4 ಓಮ್‌ನಲ್ಲಿ 60 ಡಿಗ್ರಿ. ಮೇ ತಿಂಗಳಲ್ಲಿ ಗಾಳಿಯೇ 42 ಡಿಗ್ರಿ ಇರುವ ಜೇವರ್ಗಿಯಲ್ಲಿ ಆ ಫಲಕ ನೂರು ಡಿಗ್ರಿ ದಾಟಿತು. ಒಳಗಿನ ಸಿಲಿಕಾನ್ ಚೂರು ಇನ್ನೂ ಬಿಸಿ. ಅದರ ಮೇಲೆ ಧೂಳು ಬೀಳದಿರಲೆಂದು ಕಸೂತಿಯ ಬಟ್ಟೆ ಮುಚ್ಚಿರುತ್ತಾರೆ. ಈಚಿನ ಡಿ ದರ್ಜೆಯ ಬೋರ್ಡುಗಳು ಇಷ್ಟು ಕಾಯುವುದಿಲ್ಲ, ನಿಜ. ಆದರೆ ಪ್ರವಾಹದ ಮಿತಿ ಅವಕ್ಕೂ ಇದೆ.

ಇನ್ನು ವ್ಯಾಟಿನ ಮಾತು. ಇಲ್ಲಿ ತಪ್ಪು ಪಾಠದ್ದಲ್ಲ, ವ್ಯಾಪಾರದ್ದು. ಪೆಟ್ಟಿಗೆಗಳ ಮೇಲೆ ಪಿ.ಎಂ.ಪಿ.ಓ. ಎಂಬ ನಾಲ್ಕು ಅಕ್ಷರಗಳ ಮುಂದೆ ಸಾವಿರ, ಎರಡು ಸಾವಿರ ವ್ಯಾಟ್ ಎಂದು ಅಚ್ಚಾಗಿರುತ್ತದೆ. ಈ ಅಳತೆಗೆ ಸರ್ವಸಮ್ಮತ ವ್ಯಾಖ್ಯೆಯೇ ಇಲ್ಲ. ಶಕ್ತಿ ನಿತ್ಯತೆಯ ನಿಯಮ ಬಲ್ಲ ಹತ್ತನೇ ತರಗತಿಯ ವಿದ್ಯಾರ್ಥಿ ಇದನ್ನು ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಒಳಗಿನ ಟ್ರಾನ್ಸ್‌ಫಾರ್ಮರ್ 24 ವೋಲ್ಟ್, 2 ಆಂಪಿಯರ್‌ನದಾದರೆ ಗುಣಲಬ್ಧ 48. ಎರಡೂ ಚಾನೆಲ್ ಸೇರಿ ಅದಕ್ಕಿಂತ ಹೆಚ್ಚು ವ್ಯಾಟ್ ನಿರಂತರವಾಗಿ ಹೊರಬರಲು ಸಾಧ್ಯವಿಲ್ಲ. ನಮ್ಮ ಕಡೆ ಬಹಳ ಬಳಕೆಯಾದ ಎಲ್‌ಎ 4440 ಐ.ಸಿ.ಯನ್ನು 12 ವೋಲ್ಟಿನಲ್ಲಿ ನಡೆಸಿದರೆ ಒಂದು ಚಾನೆಲಿನ ತೂಗಾಟದ ಶಿಖರ 6 ವೋಲ್ಟ್ ಮೀರದು. 6ರ ವರ್ಗ 36. ಅದನ್ನು 4 ಓಮ್‌ನ ಇಮ್ಮಡಿಯಿಂದ ಭಾಗಿಸಿದರೆ 4.5 ವ್ಯಾಟ್. ವಿರೂಪಕ್ಕೆ ಅವಕಾಶ ಕೊಟ್ಟರೆ 5-6 ವ್ಯಾಟ್ ಆದೀತು. ಅಮೆರಿಕದಲ್ಲಿ ಮನೆಯ ಆಂಪ್ಲಿಫೈಯರುಗಳ ಸಾಮರ್ಥ್ಯವನ್ನು ಯಾವ ಹೊರೆಗೆ, ಯಾವ ಆವೃತ್ತಿಗಳಲ್ಲಿ, ಎಷ್ಟು ವಿರೂಪದೊಂದಿಗೆ ನಿರಂತರವಾಗಿ ಎಂದು ಹೇಳಲೇಬೇಕೆಂಬ ನಿಯಮ 1974ರಲ್ಲೇ ಬಂತು. ಕೊಳ್ಳುವವರು ಇಲ್ಲಿಯೂ ಆರ್.ಎಂ.ಎಸ್. ವ್ಯಾಟ್ ಎಷ್ಟು ಎಂದು ಕೇಳಬೇಕು.

ನಿಜವಾದ ವ್ಯಾಟ್ ತಿಳಿದರೂ ದನಿ ಎಷ್ಟೆಂದು ತಿಳಿಯದು, ಅದಕ್ಕೆ ಸ್ಪೀಕರಿನ ಸಂವೇದಿತೆ ಗೊತ್ತಿರಬೇಕು. ಕನ್ನಡದಲ್ಲಿ ನಾವು ಸ್ಪೀಕರಿಗೆ 'ಧ್ವನಿವರ್ಧಕ' ಎಂದು ಹೆಸರಿಟ್ಟಿದ್ದೇವೆ. ಅದು ಏನನ್ನೂ ವರ್ಧಿಸುವುದಿಲ್ಲ. ಕೊಟ್ಟದ್ದರಲ್ಲಿ ಬಹುಪಾಲನ್ನು ಸುರುಳಿಯ ಶಾಖವಾಗಿ ಕಳೆಯುತ್ತದೆ. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುವ ಸ್ಪೀಕರಿನ ದಕ್ಷತೆ ಶೇಕಡಾ ಅರ್ಧಕ್ಕಿಂತ ಕಡಿಮೆ. 91 ಡೆಸಿಬೆಲ್ ಕೊಡುವ ಸ್ಪೀಕರ್ ಕೊಂಡರೆ 10 ವ್ಯಾಟ್ ಸಾಕು. 88ರದ್ದಕ್ಕೆ ಅದೇ ದನಿಗೆ 20 ವ್ಯಾಟ್ ಬೇಕು. ಗುಡಿಯ ಮೇಲಿನ ಭೋಂಗಾ ಕಡಿಮೆ ವ್ಯಾಟಿನಲ್ಲಿ ಊರೆಲ್ಲ ಕೇಳಿಸುವುದು ಅದರ ಕಹಳೆಯಾಕಾರ ಕೊಡುವ ಹೆಚ್ಚಿನ ದಕ್ಷತೆಯಿಂದ. ಮನೆಗೆ ಹೊಂದಾಣಿಕೆ ಎಂದರೆ ಮೊದಲು ಈ ಅಂಕಿ ನೋಡುವುದು. ಚಿಕ್ಕ ಆಂಪ್ಲಿಫೈಯರನ್ನು ಪೂರ್ತಿ ತಿರುಗಿಸಿ ಬಳಸುವುದೂ ಸ್ಪೀಕರಿಗೆ ಹಾನಿ. ಅಲೆಯ ಶಿಖರಗಳು ಕತ್ತರಿಸಿ ಚೌಕವಾದಾಗ ಅದೇ ಶಿಖರದ ಸೈನ್ ಅಲೆಗಿಂತ ಇಮ್ಮಡಿಯವರೆಗೂ ಸಾಮರ್ಥ್ಯ ಸಾಗುತ್ತದೆ. ಮೊದಲು ಬಲಿಯಾಗುವುದು ಟ್ವೀಟರ್.

'8 ಓಮ್' ಎಂಬ ಸ್ಪೀಕರನ್ನು ಮಲ್ಟಿಮೀಟರಿನಲ್ಲಿ ಅಳೆದರೆ 6 ಅಥವಾ 7 ಓಮ್ ತೋರಿಸುತ್ತದೆ. ಮಾಲು ನಕಲಿ ಎಂದು ಜಗಳಕ್ಕೆ ಹೋಗಬೇಡಿ. ಅದು ಸುರುಳಿಯ ನೇರ ಪ್ರವಾಹದ ರೋಧ. ಹಾಡು ನುಡಿಯುವಾಗ ಪ್ರತಿಬಾಧೆ ಆವೃತ್ತಿಯೊಂದಿಗೆ ಏರಿಳಿಯುತ್ತದೆ, ಅನುರಣನೆಯಲ್ಲಿ ಹಲವು ಹತ್ತು ಓಮ್‌ಗಳಿಗೆ ಏರುತ್ತದೆ. ಆಂದೋಲಕ, ಸರಣಿಯಲ್ಲಿ 1 ಕಿಲೋ ಓಮ್ ರೋಧಕ, ಸ್ಪೀಕರಿನ ತುದಿಗಳಿಗೆ ಒಂದು ಎ.ಸಿ. ಮಿಲಿವೋಲ್ಟ್ ಮೀಟರ್, ಇಷ್ಟಿದ್ದರೆ ಈ ಶಿಖರವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲೇ ಗುರುತಿಸಬಹುದು. ಒಂದೊಂದು ಆವೃತ್ತಿಗೆ ಒಂದೊಂದು ಪ್ರತಿಬಾಧೆ ಇರುವ ವಸ್ತುವಿಗೆ ಯಾವ ಸಂಖ್ಯೆಯನ್ನು 'ಸಮ' ಮಾಡುತ್ತೀರಿ?

ಆಂತರಿಕ ರೋಧ ಕಡಿಮೆ ಇರುವುದರ ಇನ್ನೊಂದು ಲಾಭವನ್ನು ತರಗತಿಯಲ್ಲಿ ತೋರಿಸುವುದು ಬಲು ಸುಲಭ. ಬಿಡಿ ವೂಫರಿನ ಕಾಗದದ ಶಂಕುವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ತುಸು ಹೊತ್ತು ಗುಂಯ್‌ಗುಡುತ್ತದೆ. ಎರಡೂ ತುದಿಗಳನ್ನು ತಂತಿಯಿಂದ ಕೂಡಿಸಿ ಮತ್ತೆ ತಟ್ಟಿ. ದನಿ ತಟ್ಟನೆ ನಿಲ್ಲುತ್ತದೆ. ಕಾಂತಕ್ಷೇತ್ರದಲ್ಲಿ ಚಲಿಸುವ ಸುರುಳಿ ಜನರೇಟರ್ ಆಗಿ ತನ್ನನ್ನು ತಾನೇ ತಡೆದುಕೊಂಡಿತು. ಲೆಂಜನ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಾತ್ಯಕ್ಷಿಕೆ ನಾನು ಕಂಡಿಲ್ಲ. ಆದರೆ ಇದನ್ನೇ ಹಿಡಿದು 'ಡ್ಯಾಂಪಿಂಗ್ ಫ್ಯಾಕ್ಟರ್ 500' ಎಂದು ಜಾಹೀರಾತು ಮಾಡುವುದು ಅತಿಯಾಯಿತು. ಸುರುಳಿಯ 6 ಓಮ್ ಹೇಗೂ ಸರಣಿಯಲ್ಲಿರುವಾಗ, 0.1 ಓಮ್ 0.02 ಆದರೆ ಕಿವಿಗೆ ತಿಳಿಯದು.

ಕಿವಿಗೆ ತಿಳಿಯುವುದು ತಂತಿ. 10 ಮೀಟರ್ ದೂರಕ್ಕೆ ಹೋಗಿಬರಲು 20 ಮೀಟರ್ ತಾಮ್ರ ಬೇಕು. ಅಡ್ಡಕೊಯ್ತ 0.2 ಚದರ ಮಿಲಿಮೀಟರ್ ಇದ್ದರೆ ರೋಧ 1.7 ಓಮ್, 4 ಓಮ್ ಸ್ಪೀಕರಿನ ಪಾಲಿನಲ್ಲಿ ಶೇಕಡಾ 30ರಷ್ಟು ಗೋಡೆಯುದ್ದಕ್ಕೂ ಬಿಸಿಯಾಗಿ ಹೋಯಿತು. 1 ಚದರ ಮಿಲಿಮೀಟರಿನ ಸಾಮಾನ್ಯ ವೈರಿಂಗ್ ತಂತಿಯಲ್ಲಿ 0.34 ಓಮ್ ಮಾತ್ರ. ದುಬಾರಿ 'ಆಡಿಯೊ ಕೇಬಲ್' ಬೇಕಿಲ್ಲ.

ಕೊನೆಯದಾಗಿ ಕೋಣೆ. ಹಿಂದಿನ ಜೇವರ್ಗಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ತತ್ವಪದ ಹಾಕಿದರೆ ಪದವೇ ತಿಳಿಯುವುದಿಲ್ಲ, ದೊಡ್ಡ ಆಂಪ್ಲಿಫೈಯರ್ ತರಲೇ ಎಂದು ಪರಿಚಿತರೊಬ್ಬರು ಕೇಳಿದ್ದರು. ಹೋಗಿ ನೋಡಿದರೆ ಶಹಾಬಾದ್ ಕಲ್ಲಿನ ನೆಲ, ಗಿಲಾವು ಮಾಡಿದ ಬರಿಗೋಡೆ, 5 ಮೀಟರ್, 4 ಮೀಟರ್, ಎತ್ತರ 3 ಮೀಟರ್. ಶಬ್ದ ಹೀರಿಕೆ ಶೇಕಡಾ 3 ಎಂದಿಟ್ಟುಕೊಂಡರೆ ಸೇಬಿನ್‌ನ ಸೂತ್ರದಂತೆ ಅನುರಣಿಸುವ ಕಾಲ 3.4 ಸೆಕೆಂಡು. ವ್ಯಾಟ್ ಹೆಚ್ಚಿಸಿದರೆ ಪದದೊಂದಿಗೆ ಅದರ ಮಾರ್ದನಿಯೂ ಅಷ್ಟೇ ಹೆಚ್ಚುತ್ತದೆ. ಗೋಡೆಗೆ ಎರಡು ಕೌದಿ ತೂಗುಹಾಕಿ, ಬಾಗಿಲು ತೆರೆದಿಟ್ಟು, ಮನೆಮಂದಿ ಆರು ಜನ ಕುಳಿತರೆ ಕಾಲ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಹಾಗೆಯೇ ಮಾಡಿದೆವು. ಆಂಪ್ಲಿಫೈಯರ್ ಹಳೆಯದೇ ಇದೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೇಳಿಕೆ. ಗರಿಷ್ಠ ಸಾಮರ್ಥ್ಯದ ಪ್ರಯೋಗವನ್ನು ಕೈಬಿಡಬೇಕಿಲ್ಲ. ಹೊರೆ ಬದಲಿಸಿ ಮಾಡುವ ಮೊದಲ ಕೋಷ್ಟಕದ ಕೆಳಗೆ, ಹೊರೆಯನ್ನು 10 ಓಮ್‌ಗೆ ನಿಲ್ಲಿಸಿ, 3 ವೋಲ್ಟಿನ ಪೂರೈಕೆಯೊಂದಿಗೆ ಸರಣಿಯ ರೋಧವನ್ನು 20, 10, 5, 1, 0 ಓಮ್ ಎಂದು ಇಳಿಸುತ್ತ ಎರಡನೆಯ ಕೋಷ್ಟಕ ಬರೆಸಿ. 10 ಓಮ್‌ನಲ್ಲಿ 0.225 ವ್ಯಾಟ್, ಸೊನ್ನೆಯಲ್ಲಿ 0.9 ವ್ಯಾಟ್ ಬರುತ್ತದೆ. ಹತ್ತು ನಿಮಿಷದ ಕೆಲಸ. ಹೊರೆಗೆ 2 ವ್ಯಾಟಿನ ರೋಧಕ ಬಳಸಿ. ಕಾಲು ವ್ಯಾಟಿನದು ಹಾಕಿದರೆ ಹೊಗೆಯಾಡುತ್ತದೆ.