ಚೆಂಡು ಬರುವುದಕ್ಕೆ ಮುನ್ನ

ಗೋಲುಗಳ ತುಣುಕುಚಿತ್ರಗಳನ್ನಷ್ಟೇ ನೋಡಿ ತಾವು ಫುಟ್‌ಬಾಲಿನ ಮರ್ಮಜ್ಞರೆಂದು ಭಾವಿಸುವವರ ಸಂಖ್ಯೆ ಈಚೆಗೆ ಮಿತಿಮೀರಿದೆ. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರಳ ಹೆಸರೆತ್ತಿದೊಡನೆ ಇವರು 190 ಎಂಬ ಅಂಕಿಯನ್ನು ಉಚ್ಚರಿಸಿ, ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಅಷ್ಟು ಗೋಲು ಹೊಡೆದವರು ಬೇರಿಲ್ಲವೆಂದು ಸಾರಿ, ಮಾತು ಮುಗಿಯಿತೆಂದು ಎದ್ದುಬಿಡುತ್ತಾರೆ. ಕಛೇರಿಯಲ್ಲಿ ಆಲಾಪನೆಯ ಹೊತ್ತೆಲ್ಲ ಹೊರಗೆ ಕಾಫಿ ಕುಡಿಯುತ್ತಿದ್ದು ದೇವರನಾಮಕ್ಕೆ ಮಾತ್ರ ಒಳಬರುವವರ ರಸಿಕತೆಗೂ ಇವರದಕ್ಕೂ ಅಂತರವಿಲ್ಲ.

ಸ್ಟ್ರೈಕರಳ ಕಲೆಯಲ್ಲಿ ಗೋಲು ಕೇವಲ ಫಲ. ಸಾಧನೆಯ ಬಹುಭಾಗ ಚೆಂಡು ಆಕೆಯ ಬಳಿಗೆ ಬರುವುದಕ್ಕೆ ಮುನ್ನವೇ ಮುಗಿದಿರುತ್ತದೆ. ಆದುದರಿಂದ ಹೊಸ ಪ್ರೇಕ್ಷಕರು ಚೆಂಡಿನ ಬೆನ್ನುಹತ್ತುವ ಚಾಪಲ್ಯವನ್ನು ತ್ಯಜಿಸಿ, ಸಿಂಕ್ಲೇರಳ 12ನೆಯ ಅಂಕಿಯ ಅಂಗಿಯ ಮೇಲೆ ದೃಷ್ಟಿಯನ್ನು ನೆಡಬೇಕು. ಆಕೆ ಮಿಂಚಿನ ಓಟಗಾರ್ತಿಯಾಗಿರಲಿಲ್ಲ. ಎದುರಾಳಿ ರಕ್ಷಕಿಯ ಕಣ್ಣು ಚೆಂಡಿನತ್ತ ಹೊರಳುವ ಅರೆಕ್ಷಣಕ್ಕಾಗಿ ಕಾದಿದ್ದು, ಅವಳ ಬೆನ್ನ ಹಿಂದಣ ಕಾಣದ ಬದಿಗೆ ಎರಡು ಹೆಜ್ಜೆ ಸರಿದು ನಿಲ್ಲುವುದೇ ಆಕೆಯ ವಿದ್ಯೆಯಾಗಿತ್ತು. ಗೋಲುಕಂಬ ಎಲ್ಲಿದೆ, ಯಾರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಮೊದಲೇ ಭುಜದ ಮೇಲಿಂದ ನೋಡಿ ಮನಸ್ಸಿನಲ್ಲಿ ಗುರುತುಮಾಡಿಕೊಂಡಿರುತ್ತಿದ್ದ ಕಾರಣ, ಮೊದಲ ಸ್ಪರ್ಶವೇ ಚೆಂಡನ್ನು ಹೊಡೆಯಬೇಕಾದ ಕಾಲಿನೆದುರಿಗೆ ತಂದಿರಿಸುತ್ತಿತ್ತು. ಆ ಕಾಲು ಎಡವೋ ಬಲವೋ ಎಂಬ ಭೇದ ಆಕೆಗಿರದಿದ್ದುದರಿಂದ, ರಕ್ಷಕಿ ಒಂದು ಬದಿಯನ್ನು ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತಿತ್ತು.

ನನ್ನ ಕಣ್ಣು ತೆರೆದುದು 2012ರ ಲಂಡನ್ ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡಿನಲ್ಲಿ ಅಮೆರಿಕದೆದುರು ನಡೆದ ಆ ಪಂದ್ಯವನ್ನು ನಡುರಾತ್ರಿ ಕಳೆದ ಮೇಲೆ ಟೀವಿಯಲ್ಲಿ ನೋಡುತ್ತಿದ್ದೆ. 22ನೆಯ ನಿಮಿಷದಲ್ಲಿ ಸಹ ಆಟಗಾರ್ತಿ ಟ್ಯಾಂಕ್ರೆಡಿ ಸರಿಸಿದ ಚೆಂಡನ್ನು ಪಡೆದು, ಮೇಲೆರಗಿದ ರಕ್ಷಕಿಯನ್ನು ತಪ್ಪಿಸಿ, ಆಕೆ ಅದನ್ನು ಗೋಲಿನೊಳಕ್ಕೆ ನೂಕಿದ ರೀತಿಯಲ್ಲಿ ಅವಸರದ ಲೇಶವೂ ಇರಲಿಲ್ಲ. ಅನಂತರ ತಲೆಯಿಂದ ಇನ್ನೆರಡು. ಮೂರು ಸಲ ಕೆನಡಾವನ್ನು ಮುಂದಿರಿಸಿದವಳು ಆಕೆಯೊಬ್ಬಳೇ. ಮೂರು ಸಲವೂ ಅಮೆರಿಕ ಸಮಮಾಡಿ, ಹೆಚ್ಚುವರಿ ಅವಧಿಯ ಅಂತ್ಯದಲ್ಲಿ 4-3ರಿಂದ ಗೆದ್ದಿತು. ಕೆನಡಾದ ಗೋಲ್‌ಕೀಪರಳು ಚೆಂಡನ್ನು ಕೈಯಲ್ಲಿ ಹೆಚ್ಚು ಹೊತ್ತು ಹಿಡಿದಳೆಂಬ ರೆಫರಿಯ ತೀರ್ಪನ್ನೇ ಜನ ಇಂದಿಗೂ ಚರ್ಚಿಸುತ್ತಾರೆ, ಆ ಮೂರು ಗೋಲುಗಳ ಪೂರ್ವಸಿದ್ಧತೆಯನ್ನಲ್ಲ. 2011ರಲ್ಲಿ ಬರ್ಲಿನ್ನಿನಲ್ಲಿ ಮೂಗು ಮುರಿದಿದ್ದರೂ ಸಿಂಕ್ಲೇರ್ ಜರ್ಮನಿಯೆದುರು ಫ್ರೀಕಿಕ್ಕಿನಿಂದ ಗೋಲು ಹೊಡೆದ ಕಥೆಯೂ ಹೀಗೆಯೇ; ಎಲ್ಲರಿಗೂ ಮೂಗು ನೆನಪಿದೆ, ಚೆಂಡಿನ ಬಾಗು ನೆನಪಿಲ್ಲ.

ಬರ್ನಬಿಯ ಈ ಹುಡುಗಿ 2000ದಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ಪೋರ್ಚುಗಲಿನ ಅಲ್ಗಾರ್ವೆ ಕಪ್ಪಿನಲ್ಲಿ ದೇಶಕ್ಕಾಗಿ ಮೊದಲು ಆಡಿದಳು. ಪೋರ್ಟ್‌ಲ್ಯಾಂಡ್ ವಿಶ್ವವಿದ್ಯಾನಿಲಯವು ಆಕೆಯ ಬಲದಿಂದ 2002 ಮತ್ತು 2005ರಲ್ಲಿ ಅಮೆರಿಕದ ಕಾಲೇಜು ಪ್ರಶಸ್ತಿಗಳನ್ನು ಗೆದ್ದಿತು. ವೃತ್ತಿಜೀವನದ ದಾರಿಯಾದರೋ ದುರ್ಗಮ: 2010ರಲ್ಲಿ ಆಕೆಯಿದ್ದು ಪ್ರಶಸ್ತಿ ಗೆದ್ದ ಗೋಲ್ಡ್ ಪ್ರೈಡ್ ತಂಡವೇ ಮುಚ್ಚಿಹೋಯಿತು, 2011ರಲ್ಲಿ ಆಕೆಯ ಮುಂದಿನ ತಂಡ ವೆಸ್ಟರ್ನ್ ನ್ಯೂಯಾರ್ಕ್ ಫ್ಲ್ಯಾಶ್ ಗೆದ್ದ ಮೇಲೆ ಆ ತಂಡಗಳ ಲೀಗೇ ಅಳಿಯಿತು. 2013ರಿಂದ ಪೋರ್ಟ್‌ಲ್ಯಾಂಡ್ ಥಾರ್ನ್ಸ್ ತಂಡದಲ್ಲಿ ನೆಲೆನಿಂತು 2024ರವರೆಗೆ ಆಡಿದಳು.

ವಯಸ್ಸು ಏರಿದಂತೆ ಆಕೆ ಗೋಲುಬಾಯಿಯಿಂದ ಹಿಂದೆ ಸರಿದು ಇತರರಿಗೆ ಅವಕಾಶ ಕಲ್ಪಿಸುವವಳಾದಳು. ಇದನ್ನು ಇಳಿಗಾಲವೆಂದವರು ಆಟವನ್ನು ಅರಿಯದವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಸೆಮಿಫೈನಲಿನಲ್ಲಿ, ಮತ್ತೆ ಅಮೆರಿಕದೆದುರೇ ಪೆನಾಲ್ಟಿ ದೊರೆತಾಗ, ಚೆಂಡನ್ನೆತ್ತಿಕೊಂಡ ಸಿಂಕ್ಲೇರ್ ಅದನ್ನು ಕಿರಿಯಳಾದ ಜೆಸ್ಸಿ ಫ್ಲೆಮಿಂಗಳ ಕೈಗಿತ್ತಳು. ಕೆನಡಾ 1-0ಯಿಂದ ಗೆದ್ದಿತು. ಸ್ವೀಡನ್ನಿನೆದುರು ಫೈನಲಿನಲ್ಲಿ ಸಿಂಕ್ಲೇರ್ ತಾನೇ ಫೌಲಿಗೆ ಗುರಿಯಾಗಿ ಗಳಿಸಿದ ಪೆನಾಲ್ಟಿಯನ್ನು ಹೊಡೆದವಳೂ ಫ್ಲೆಮಿಂಗಳೇ. ಚಿನ್ನ ಬಂದಿತು.

ಓಲ್ಡ್ ಟ್ರಾಫರ್ಡಿನ ಆ ಪಂದ್ಯವನ್ನು ತುಣುಕಾಗಿಯಲ್ಲ, ಇಡಿಯಾಗಿ ನೋಡಿ. ಮೊದಲ 22 ನಿಮಿಷ ಚೆಂಡನ್ನು ಮರೆತು 12ನೆಯ ಅಂಗಿಯನ್ನು ಮಾತ್ರ ಹಿಂಬಾಲಿಸಿ.