ಬೋಧಕನ ಬೇಸರ

ಕ್ರೈಸ್ತಮತದ ಆದಿಕಾಲದ ಪ್ರಸಾರವನ್ನು ಕುರಿತು ಹೇಳುವವರು ಹುತಾತ್ಮರ ಧೈರ್ಯವನ್ನೂ ಚಕ್ರವರ್ತಿಗಳ ಶಾಸನಗಳನ್ನೂ ವರ್ಣಿಸುವುದು ವಾಡಿಕೆ. ಒಂದೇ ಮೊದಲಪಾಠವನ್ನು ಹೊಸಬರಿಗೆ ಮತ್ತೆ ಮತ್ತೆ ಹೇಳುತ್ತಿದ್ದ ಉಪದೇಶಕನನ್ನು ನೆನೆಯುವವರು ವಿರಳ. ಕ್ರಿ. ಶ. 400ರ ಸುಮಾರಿಗೆ ಸಂತ ಆಗಸ್ಟೀನನು ರಚಿಸಿದ ಲ್ಯಾಟಿನ್ ಕಿರುಗ್ರಂಥವೊಂದು ಅವನಿಗಾಗಿಯೇ ಹುಟ್ಟಿದುದು. ಅದರ ಹೆಸರಿಗೆ, ಅರಿಯದವರಿಗೆ ಬೋಧಿಸುವ ಕ್ರಮವೆಂದರ್ಥ.

ಕಾರ್ಥೇಜ್ ನಗರದ ಡಿಯೊಗ್ರಾಟಿಯಸ್ ಎಂಬ ಸಭಾಸೇವಕನು, ತನ್ನ ಉಪದೇಶವು ತನಗೇ ನೀರಸವಾಗಿ ತೋರುವುದೆಂದು ಮೊರೆಯಿಟ್ಟನು. ಆಗಸ್ಟೀನನು ಹಿಪ್ಪೋ ನಗರದ ಬಿಷಪ್ಪನಾಗುವುದಕ್ಕೆ ಮೊದಲು ಕಾರ್ಥೇಜ್, ರೋಮ್, ಮಿಲಾನ್‌ಗಳಲ್ಲಿ ಅಲಂಕಾರಶಾಸ್ತ್ರವನ್ನು ಕಲಿಸಿದವನು. ಆದರೂ ತನ್ನ ಮಾತು ತನಗೂ ಒಪ್ಪಿಗೆಯಾಗುವುದಿಲ್ಲವೆಂದು ಒಪ್ಪಿಕೊಂಡೇ ಅವನು ಉತ್ತರವನ್ನಾರಂಭಿಸುತ್ತಾನೆ. ಅರಿವು ಮಿಂಚಿನಂತೆ ಹೊಳೆಯುವುದು, ನಾಲಗೆ ನಿಧಾನವಾಗಿ ಹಿಂಬಾಲಿಸುವುದು. ಬೇಸರದ ಮೂಲವು ಇದೇ. ಪರಿಹಾರವು ಪ್ರೀತಿ. ನಿತ್ಯ ಕಂಡ ಊರನ್ನು ಹೊಸ ಸ್ನೇಹಿತನಿಗೆ ತೋರಿಸುವಾಗ ಅದು ನಮಗೂ ಹೊಸದಾಗುವಂತೆ, ಶ್ರೋತೃವಿನ ಮನಸ್ಸಿನೊಳಹೊಕ್ಕರೆ ಹಳೆಯ ಪಾಠವೂ ಹೊಸದಾಗುವುದು. ನಿಂತು ಕೇಳಿ ದಣಿದವನಿಗೆ ಆಸನವನ್ನು ಕೊಡಬೇಕೆಂಬ ಸಣ್ಣ ಮಾತನ್ನೂ ಅವನು ಮರೆತಿಲ್ಲ.

ಇದು ಬರಿಯ ಸೌಜನ್ಯದ ಮಾತಲ್ಲ. 380ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿಯ ಶಾಸನವು ಈ ಮತಕ್ಕೆ ರಾಜ್ಯದ ಬೆಂಬಲವನ್ನು ಗಟ್ಟಿಮಾಡಿತ್ತು. ಆದುದರಿಂದ ಲಾಭಕ್ಕಾಗಿ ಬರುವವರೂ ಇದ್ದರು. ಅಂಥವನನ್ನು ಬಯಲಿಗೆಳೆಯಬೇಡ, ಅವನು ಬಾಯಲ್ಲಿ ಹೇಳಿದ ಸದುದ್ದೇಶವನ್ನೇ ಮೆಚ್ಚಿ ಮಾತು ತೊಡಗು, ನಟಿಸಿದುದು ನಿಜವಾಗಲೆಂದು ಅವನೇ ಬಯಸುವಂತೆ ಮಾಡು ಎಂಬುದು ಆಗಸ್ಟೀನನ ಸಲಹೆಯ ಸಾರ. ಶಾಸನವು ಮನುಷ್ಯನನ್ನು ಬಾಗಿಲವರೆಗೆ ತರಬಲ್ಲುದು; ಒಳಗೆ ಕರೆದೊಯ್ಯುವುದು ಬೋಧಕನ ಕಾರ್ಯ.

ಗ್ರಂಥದಲ್ಲಿ ದೋಷವಿಲ್ಲದಿಲ್ಲ. ಕಡೆಯಲ್ಲಿ ಮಾದರಿಯಾಗಿ ಕೊಟ್ಟಿರುವ ಎರಡು ಉಪದೇಶಗಳಲ್ಲಿ ಮೊದಲನೆಯದು ಬಹಳ ದೀರ್ಘ. ಶ್ರೋತೃವನ್ನು ಪ್ರಶ್ನಿಸಿ ಅವನ ಮನಸ್ಸನ್ನು ತಿಳಿಯಬೇಕೆಂದು ವಿಧಿಸಿದವನೇ ಇಲ್ಲಿ ಅವನ ಬಾಯಿ ತೆರೆಯಗೊಡುವುದಿಲ್ಲ. ಸೃಷ್ಟಿಯಿಂದ ಅಂತ್ಯತೀರ್ಪಿನವರೆಗೆ ಹರಿಯುವ ಆ ವಾಗ್ಝರಿಯಲ್ಲಿ ಹಳೆಯ ಅಲಂಕಾರಶಾಸ್ತ್ರಿಯು ಎಚ್ಚರಗೊಂಡಿರುವನು. ಲಕ್ಷಣಕ್ಕೂ ಲಕ್ಷ್ಯಕ್ಕೂ ಇರುವ ಈ ಅಂತರವು ಚಿಕ್ಕದಲ್ಲ.

ಆದರೂ ಗ್ರಂಥದ ಬೆಲೆ ಕುಂದದು. ಪಾಠವು ರುಚಿಸದಿದ್ದರೆ ಶಿಷ್ಯನ ಮಂದಬುದ್ಧಿಯನ್ನು ದೂರುವುದು ಸುಲಭ. ಆಗಸ್ಟೀನನು ಗುರುವಿನ ಹೃದಯವನ್ನು ಮೊದಲು ಪರೀಕ್ಷಿಸಿದನು. ನೂರನೆಯ ಬಾರಿಗೆ ಹೇಳುವವನೆದುರು ಮೊದಲ ಬಾರಿಗೆ ಕೇಳುವವನು ಕುಳಿತಿರುವನೆಂಬುದನ್ನು ಮರೆಯದವನೇ ಬೋಧಕನು.